ಹೊರಗೆ ಬಾರದ ಪಿಕಪ್

"ಕೊಳ ಬರಿದಾಯ್ತು ಅತ್ತಿಗೆ. ಕೆಸರು ಬಿಟ್ರೆ ಏನೂ ಇಲ್ಲ."

ನಾದಿನಿ ಬಾಗಿಲಲ್ಲೇ ನಿಂತು ಹೇಳಿದಳು. ಬೂಟಿನಿಂದ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿತ್ತು. ಬೇರೆ ದಿನವಾಗಿದ್ದರೆ, 'ಇನ್ಸ್‌ಪೆಕ್ಟರ್ ಆದವರು ಬೂಟು ಹೊರಗೆ ಬಿಡಬಾರದು ಅಂತ ಕಾನೂನಿದೆಯಾ?' ಎಂದು ಗದರುತ್ತಿದ್ದೆ. ಇವತ್ತು ಆ ಕೆಸರನ್ನೇ ನೋಡುತ್ತ ನಿಂತೆ. ಕೊಳದಲ್ಲಿ ಏನೂ ಸಿಗಲಿಲ್ಲ ಎನ್ನುವುದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ನನಗೆ ತಿಳಿಯಲಿಲ್ಲ.

ನನ್ನ ಗಂಡ, ಅಂದರೆ ಅವಳ ಅಣ್ಣ, ಸೋಮವಾರ ಬೆಳಿಗ್ಗೆ ಯಾರೋ ಗಿರಾಕಿಯ ಹಳೇ ಪಿಕಪ್ ಹತ್ತಿ ರೈಲ್ವೆ ಗೇಟು ದಾಟಿ ಸಾಮಿಲ್ಲಿನ ಕಡೆ ಹೋದವರು ಗುರುವಾರವಾದರೂ ಪತ್ತೆ ಇರಲಿಲ್ಲ.

ಪಿಕಪ್ಪೂ ಪತ್ತೆ ಇರಲಿಲ್ಲ. ಹೊಟ್ಟೆ ಉರಿಸುತ್ತಿದ್ದದ್ದು ಅದೇ. ಆ ರಸ್ತೆಗೆ ಇರುವುದು ಒಂದೇ ಬಾಯಿ. ಗೇಟಿನಾಚೆ ಸಾಮಿಲ್, ಸಾಮಿಲ್ಲಿನಾಚೆ ಹೊಳೆ, ಹೊಳೆಗೆ ಸೇತುವೆ ಇಲ್ಲ. ಒಳಗೆ ಹೋದದ್ದು ಅದೇ ಗೇಟಿನಿಂದಲೇ ಹೊರಗೆ ಬರಬೇಕು. ಬಂದಿಲ್ಲ ಎಂದು ಗೇಟಿನವರು ಆಣೆ ಮಾಡಿ ಹೇಳುತ್ತಿದ್ದರು. ಅದಕ್ಕೇ ಪೊಲೀಸರು, ಸಾಮಿಲ್ಲಿನಲ್ಲಿ ದಿಮ್ಮಿ ನೆನೆಹಾಕುವ ಕೊಳವನ್ನೇ ಪಂಪು ಹಚ್ಚಿ ಬತ್ತಿಸಿದ್ದರು.

"ಬಂದ್ನಾ?" ಎಂದು ಒಳಗಿನಿಂದ ಅತ್ತೆ ಕೂಗಿದರು. ಮಗ ಹೋದಾಗಿನಿಂದ ಅವರು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು, ಸ್ನಾನಕ್ಕೆ ಏಳಬೇಕಾದರೂ ನನ್ನನ್ನು ಕಾವಲಿಗೆ ಕೂರಿಸಿ ಹೋಗುತ್ತಿದ್ದರು.

"ಇಲ್ಲಮ್ಮ, ನಾನು."

"ನೀನು ದಿನಾ ಬರ್ತೀಯಲ್ಲ. ಪೊಲೀಸ್ ಮಗಳನ್ನ ಹೆತ್ತು ಏನು ಬಂತು ಭಾಗ್ಯ!"

ನಾದಿನಿ ಒಳಗೆ ಬಂದಳು. ಟೋಪಿಯನ್ನು ಮೊಳೆಗೆ ಸಿಕ್ಕಿಸಿ, ಜೇಬಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. "ತಗೊಳ್ಳಿ ನಿಮ್ಮ ಫೋಟೋ. ಸಂಜೆವರೆಗೆ ಕೇಸು ನನ್ನ ಕೈಯಲ್ಲಿರತ್ತೆ. ಆಮೇಲೆ ಬೇರೆಯವರಿಗೆ. ಸ್ವಂತ ಅಣ್ಣನ ಕೇಸು ಅಂತ ಸಾಹೇಬ್ರು ಇಷ್ಟು ದಿನ ಬಿಟ್ಟಿದ್ದೇ ಹೆಚ್ಚು."

ಆ ಫೋಟೋ ನಮ್ಮವರು ಹೋಗುವ ಮುಂಚೆ ನನ್ನ ಮೇಜಿನ ಮೇಲೆ ಬಿಟ್ಟು ಹೋದದ್ದು. ಅಂಗೈಯಗಲದ ಹಳೇ ಪ್ರಿಂಟು. ಯಾವುದೋ ಮನೆಯ ಕಲ್ಲುಗೋಡೆಯ ಮುಂದೆ ಒಂದು ಪಿಕಪ್ ನಿಂತಿದೆ. ಗೇಟಿನವನಿಗೆ ತೋರಿಸಬೇಕೆಂದು ನಾದಿನಿ ಮಂಗಳವಾರವೇ ಅದನ್ನು ಒಯ್ದಿದ್ದಳು. ಬೆಳಗಿನ ಪಾಳಿಯ ಗೇಟಿನವನು ನೋಡಿದ ಕೂಡಲೇ, 'ಇದೇ ಗಾಡಿ. ಕಂದು ಬಣ್ಣ. ಓಡಿಸ್ತಿದ್ದವನು ದಪ್ಪಗಿದ್ದ, ಪಕ್ಕದಲ್ಲಿ ನಿಮ್ಮ ಅಣ್ಣ ಕೂತಿದ್ರು' ಎಂದನಂತೆ. ನನ್ನ ಬಳಿ ಉಳಿದದ್ದು ಮೊಬೈಲಿನಲ್ಲಿ ಹಿಡಿದ ಮಸುಕು ಪ್ರತಿ. ಅದರಲ್ಲಿ ಗಾಡಿಗೆ ಚಕ್ರ ಇದೆ ಎನ್ನುವುದು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಹಳೇ ಫೋಟೋ ನೋಡಿ ಅದರಲ್ಲಿರುವ ಗಾಡಿ ಯಾವ ಕಾಲದ್ದು, ಬಾಡಿ ಯಾವ ಜಾತಿಯದು ಎಂದು ಹೇಳುವುದು ನನ್ನ ಕಸುಬು. ಅಜ್ಜನ ಗಾಡಿ ಯಾವುದೆಂದು ತಿಳಿಯುವ ಆಸೆಯವರು ಬರುತ್ತಾರೆ, ಹಳೇ ಗಾಡಿ ಕೊಳ್ಳುವವರು ಬರುತ್ತಾರೆ, ವಿಮೆಯವರೂ ಬರುತ್ತಾರೆ. ನಾನು ಕಾಗದದ ಮೇಲೆ ಗುರುತಿಸಿದ್ದನ್ನು ನಮ್ಮವರು ಹಿತ್ತಲಿನ ಶೆಡ್ಡಿನಲ್ಲಿ ತಗಡು ಬಡಿದು ಎಬ್ಬಿಸುತ್ತಾರೆ. ಮದುವೆಯಾದಾಗಿನಿಂದ ನಮ್ಮ ಸಂಸಾರ ನಡೆದಿರುವುದೇ ಹೀಗೆ.

ಕಿಟಕಿಯ ಬೆಳಕಿಗೆ ಫೋಟೋ ಹಿಡಿದು ಭೂತಗನ್ನಡಿ ಹಚ್ಚಿದೆ. ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದೆ.

"ಅದರಲ್ಲಿ ಇನ್ನೇನು ನೋಡ್ತೀರಿ? ಪಿಕಪ್ ಅಂದ್ರೆ ಪಿಕಪ್ಪು. ಮುಂದೆ ಕೂರೋದು, ಹಿಂದೆ ಸಾಮಾನು ಹಾಕೋದು."

"ನಿನಗೆ ಎಮ್ಮೇನೂ ಒಂದೇ ಕೋಣಾನೂ ಒಂದೇ. ಸ್ವಲ್ಪ ಸುಮ್ಮನಿರು."

ಹಳೇ ಗಾಡಿಯ ಮುಖ ನೋಡಿ ಮರುಳಾಗಬಾರದು. ಮುಖವನ್ನು ಯಾರು ಬೇಕಾದರೂ ಬದಲಾಯಿಸಬಹುದು. ನೋಡಬೇಕಾದ್ದು ಬೆನ್ನು. ನಾನು ಚಾಲಕನ ಸೀಟಿನ ಹಿಂಬದಿಯಿಂದ ಶುರುಮಾಡಿದೆ, ಅಲ್ಲೇ ನಿಂತೆ.

"ಸಂದು ಎಲ್ಲಿ?"

"ಯಾವ ಸಂದು?"

"ಪಿಕಪ್ಪಿಗೆ ಕ್ಯಾಬಿನ್ ಬೇರೆ, ಸಾಮಾನಿನ ಬಾಕ್ಸ್ ಬೇರೆ. ಎರಡರ ನಡುವೆ ಕೈ ತೂರುವಷ್ಟು ಸಂದು ಬಿಟ್ಟಿರ್ತಾರೆ. ಬಿಡದಿದ್ರೆ ಗಾಡಿ ಗುಂಡಿಗೆ ಇಳಿದಾಗ ಒಂದಕ್ಕೊಂದು ಉಜ್ಜಿ ತಗಡು ಹರಿಯತ್ತೆ. ಇಲ್ಲಿ ಸಂದೇ ಇಲ್ಲ."

"ಮೊದಮೊದಲು ಬಟ್ಟೆ ಚಾವಣಿ ಪಿಕಪ್ಪೂ ಇದ್ವು ಅಂತ ನೀವೇ ಹೇಳಿದ್ರಲ್ಲ. ಅಂಥದ್ದೇನಾದ್ರೂ..."

"ಇದಕ್ಕೆ ತಗಡಿನ ಚಾವಣಿ. ಬಾಗಿಲಿಗೆ ಗಾಜೂ ಇದೆ."

"ಹಾಗಾದ್ರೆ ಯಾರೋ ಕಾರು ಕೊಯ್ದು ಪಿಕಪ್ ಮಾಡಿದ್ದಾರೆ. ಅಣ್ಣನ ಶೆಡ್ಡಲ್ಲಿ ಅಂಥದ್ದು ಎಷ್ಟು ನೋಡಿಲ್ಲ."

ಅದು ದಡ್ಡ ಮಾತಲ್ಲ. ಆ ಕಾಲದಲ್ಲಿ ಎಷ್ಟೋ ಜನ ಕಾರಿನ ಹಿಂಭಾಗ ಕೊಯ್ಸಿ ಬಡಗಿಯ ಕೈಯಲ್ಲಿ ಮರದ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಆದರೆ ಕೊಯ್ದ ಕಡೆ ಅಂಚು ಅಂಕುಡೊಂಕಾಗಿರುತ್ತದೆ, ಅದನ್ನು ಮುಚ್ಚಲು ಮೇಲೊಂದು ಪಟ್ಟಿ ಹೊಡೆದಿರುತ್ತಾರೆ. ಈ ಫೋಟೋದಲ್ಲಿ ಅಂಚು ಕಾರ್ಖಾನೆಯಿಂದ ಬಂದ ಹಾಗೆ ನಯವಾಗಿತ್ತು. ಬಾಕ್ಸ್ ಗಾಡಿಗಿಂತ ಅಗಲದಲ್ಲಿ ಕಿರಿದಾಗಿತ್ತು. ಅದರ ಎರಡೂ ಬದಿಗೆ ಕಾರಿನ ಬೆನ್ನು ದುಂಡಗೆ ಕೆಳಗಿಳಿದಿತ್ತು. ಬಾಕ್ಸಿನ ಮೇಲಂಚಿನಲ್ಲಿ ಗೂಟ ನಿಲ್ಲಿಸಲು ಚೌಕದ ತೂತುಗಳು. ಅದರ ಮುಂಭಾಗ ಮಾತ್ರ ಕಾಣುತ್ತಲೇ ಇರಲಿಲ್ಲ, ಒಳಗೆಲ್ಲೋ ಹೋಗಿತ್ತು.

ಇಂಥದ್ದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಓದಿದ್ದೆ, ಅಷ್ಟೇ.

ಎದ್ದು ಮೇಜಿನ ಡ್ರಾಯರನ್ನು ಅರ್ಧ ಎಳೆದೆ. "ನೋಡು. ಬಾಕ್ಸ್ ಗಾಡಿಯ ಮೇಲೆ ಕೂತಿಲ್ಲ. ಹೀಗೆ, ಡಿಕ್ಕಿಯೊಳಗಿಂದ ಹೊರಗೆ ಬಂದಿದೆ. ಚಿಕ್ಕ ಅಂಗಡಿಯವರಿಗೆ ಅಂತ ಮಾಡ್ತಿದ್ದದ್ದು. ವಾರವೆಲ್ಲ ಸಾಮಾನು ಹೊರಬೇಕು, ರಜಾ ದಿನ ಹೆಂಡತಿ ಜೊತೆ ಗತ್ತಲ್ಲಿ ತಿರುಗಾಡಬೇಕು. ಎರಡು ಗಾಡಿ ಕೊಳ್ಳೋ ತಾಕತ್ತಿಲ್ಲ. ಅಂಥೋರಿಗೆ."

"ಡ್ರಾಯರು ಪೂರ್ತಿ ಎಳೆದು ತೆಗೆದ್ರೆ?"

"ನಾಲ್ಕು ಬೋಲ್ಟು ಬಿಚ್ಚಿ ಎಳೆದ್ರೆ ಬಂತು. ಡಿಕ್ಕಿ ಬಾಗಿಲು ಮತ್ತೆ ಕೂರಿಸಿದ್ರೆ..."

ಮಾತು ಅಲ್ಲೇ ನಿಂತಿತು. ನಾದಿನಿಯೂ ನನ್ನ ಮುಖ ನೋಡಿದಳು.

"ಕಾರು," ಎಂದಳು ಅವಳೇ.

ನಾನು ಕಪಾಟಿನತ್ತ ಓಡಿದೆ. ನಮ್ಮ ಮನೆಯಲ್ಲಿ ಹಳೇ ಫೋಟೋಗಳಿಗೆ ಎರಡು ಬಿಸ್ಕತ್ ಡಬ್ಬಗಳಿವೆ. ಸಾಮಾನು ಗಾಡಿಗಳದ್ದು ಕೆಂಪು ಡಬ್ಬ, ಕಾರುಗಳದ್ದು ನೀಲಿ. ಈ ಕಸುಬಿನಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಬಾಡಿ ನೋಡಿ ಡಬ್ಬ, ಡಬ್ಬ ನೋಡಿ ಹುಡುಕಾಟ. ಪಿಕಪ್ಪಿಗಾಗಿ ಕಾರಿನ ಡಬ್ಬಕ್ಕೆ ಯಾರೂ ಕೈ ಹಾಕುವುದಿಲ್ಲ. ನಾನೂ ಹಾಕಿರಲಿಲ್ಲ.

ನೀಲಿ ಡಬ್ಬ ತೆಗೆದರೆ, ಎಲ್ಲಕ್ಕಿಂತ ಮೇಲೇ ಇತ್ತು. ಅದೇ ಕಲ್ಲುಗೋಡೆ. ಹಿಂದಿನ ಎಡ ಮಡ್‌ಗಾರ್ಡಿನಲ್ಲಿ ಅದೇ ಡೆಂಟು. ಬಾಕ್ಸ್ ಇದ್ದ ಜಾಗದಲ್ಲಿ ಡಿಕ್ಕಿಯ ಬಾಗಿಲು ನುಣ್ಣಗೆ ಮುಚ್ಚಿಕೊಂಡಿತ್ತು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ವಲ್ಲೇ!" ಎಂದೆ.

ನಾದಿನಿ ಎರಡೂ ಫೋಟೋಗಳನ್ನು ಜೋಡಿಸಿ ಹಿಡಿದಳು. "ಎರಡೂ ಒಟ್ಟಿಗೇ ಬಂದಿರ್ಬೇಕು. ಅಣ್ಣ ಯಾಕೆ ಒಂದನ್ನ ಮೇಜಿನ ಮೇಲಿಟ್ಟು ಇನ್ನೊಂದನ್ನ ಡಬ್ಬಕ್ಕೆ ಹಾಕಿದ?"

"ಅಭ್ಯಾಸ. ಕಾರು ಕಂಡ್ರೆ ನೀಲಿ ಡಬ್ಬ."

"ಒಂದೇ ಗಾಡಿ ಅಂತ ಅವನಿಗೆ ಗೊತ್ತಾಗಿರಲ್ವಾ?"

ಪೊಲೀಸರಿಗೆ ಎಲ್ಲದರಲ್ಲೂ ಯಾಕೆ ಎನ್ನುವ ಚಟ, ಹೆತ್ತ ತಾಯಿ ಸಾರಿಗೆ ಉಪ್ಪು ಹಾಕಿದರೂ ಯಾಕೆ ಎನ್ನುತ್ತಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅವಳು ಆಗಲೇ ಮಧ್ಯಾಹ್ನದ ಪಾಳಿಯ ಗೇಟಿನವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು.

"ಸೋಮವಾರ ಮಧ್ಯಾಹ್ನ ಕಂದು ಬಣ್ಣದ ಹಳೇ ಕಾರೇನಾದ್ರೂ ಹೊರಗೆ ಬಂತಾ?"

"ಬಂತಲ್ಲ ಮೇಡಂ! ಚೆಂದದ ಗಾಡಿ. ನಾನೇ ಗೇಟು ಎತ್ತಿದ್ದು."

"ಮತ್ತೆ ನನಗೆ ಯಾಕ್ರೀ ಹೇಳಲಿಲ್ಲ?"

"ನೀವು ಪಿಕಪ್ ಬಂತಾ ಅಂದ್ರಿ, ಇಲ್ಲ ಅಂದೆ. ನಡ್ಕೊಂಡು ಯಾರಾದ್ರೂ ಬಂದ್ರಾ ಅಂದ್ರಿ, ಇಲ್ಲ ಅಂದೆ. ಕಾರು ನೀವು ಕೇಳ್ಳಿಲ್ಲ."

ನಾದಿನಿ ಕಣ್ಣುಮುಚ್ಚಿ ಹಲ್ಲು ಕಚ್ಚಿದಳು. "ಒಳಗೆ ಎಷ್ಟು ಜನ ಇದ್ರು?"

"ಒಬ್ರೇ. ಮುಂದಿನ ಗಾಜಿನ ಮೇಲೆ ಬಿಸಿಲು ಹೊಡೀತಿತ್ತು, ಮುಖ ಕಾಣ್ಲಿಲ್ಲ."

ಒಳಗೆ ಹೋದವರು ಇಬ್ಬರು. ಹೊರಗೆ ಬಂದವನು ಒಬ್ಬ. ಗಾಡಿ ಯಾರದೋ ಅವನೇ ತಾನೆ ಓಡಿಸಿಕೊಂಡು ಹೋಗುವುದು? ಹಾಗಾದರೆ ಉಳಿದವರು ಯಾರು?

"ಅತ್ತಿಗೆ, ನೀವು ಮನೇಲಿರಿ."

"ಆ ಬಾಕ್ಸನ್ನ ಗುರುತು ಹಿಡಿಯೋರು ಯಾರು, ನಿನ್ನ ಪೇದೆಗಳಾ? ನಡಿ."

ಹೊರಡುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ಕರ್ಕೊಂಡೇ ಬಾ" ಎಂದರು, ಮಗ ಪಕ್ಕದ ಬೀದಿಯಲ್ಲಿ ಇದ್ದಾನೇನೋ ಎನ್ನುವಂತೆ. ಹೂಂ ಎಂದೆ. ಹಾಗನ್ನದೆ ಬೇರೇನು ಹೇಳಲಿ.

*

ಜೀಪಿನಲ್ಲಿ ನಾನೂ ಅವಳೂ ಮುಂದೆ. ಹಿಂದೆ ಇಬ್ಬರು ಪೇದೆಗಳು ಸಲಿಕೆ ಹಿಡಿದು ಕೂತಿದ್ದರು. ಆ ಸಲಿಕೆ ಯಾತಕ್ಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ರೈಲ್ವೆ ಗೇಟು ದಾಟುವಾಗ ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಅವಳಿಗೆ ಸೈಕಲ್ ಕಲಿಸಿದ್ದು, ಪೊಲೀಸ್ ಪರೀಕ್ಷೆಗೆ ಕೂರಿಸಿದ್ದು ಆ ಅಣ್ಣನೇ. ನನಗೆ ಅವಳನ್ನು ತಬ್ಬಿಕೊಂಡು ಅಳಬೇಕೆನಿಸಿತು. ಅತ್ತರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿ ಸುಮ್ಮನೆ ಕೂತೆ.

ಸಾಮಿಲ್ಲಿನ ಧಣಿ ಅಂಗಳದಲ್ಲೇ ಎದುರಾದ. ಗುಂಡನೆಯ ಹೊಟ್ಟೆ, ಕಿವಿಯ ಮೇಲೆ ಪೆನ್ಸಿಲು, ಮೈಯೆಲ್ಲ ಮರದ ಪುಡಿ. ಅವನ ಹಿಂದೆ ಗರಗಸ ಕಿರುಚುತ್ತಿತ್ತು.

"ಬನ್ನಿ ಮೇಡಂ, ಬನ್ನಿ ತಾಯಿ. ಕೊಳ ಬತ್ತಿಸಿ ಆಯ್ತು, ಇನ್ನು ಹೊಳೆ ಬತ್ತಿಸ್ತೀರಾ?"

"ಗರಗಸ ನಿಲ್ಲಿಸ್ರಿ," ಎಂದಳು ನಾದಿನಿ.

ಗರಗಸ ನಿಂತಿತು. ಆ ಮೌನದಲ್ಲಿ ಅವನ ನಗು ತಾನಾಗಿಯೇ ಇಳಿಯಿತು. ನಾನು ಅವರಿಬ್ಬರನ್ನೂ ಬಿಟ್ಟು ಅಂಗಳ ಸುತ್ತಿದೆ. ದಿಮ್ಮಿಗಳ ರಾಶಿ, ಹಲಗೆಗಳ ರಾಶಿ, ಕೈಗಾಡಿ, ಮುರಿದ ಬೆಂಚು. ಶೆಡ್ಡಿನ ಹಿಂಭಾಗಕ್ಕೆ ಬಂದರೆ ಅಲ್ಲಿ, ಗೋಡೆಗೆ ಒತ್ತಿ, ಟಾರ್ಪಾಲು ಹೊದಿಸಿ ಹಗ್ಗ ಬಿಗಿದ ಏನೋ ಒಂದು ಇಟ್ಟಿಗೆಗಳ ಮೇಲೆ ಕೂತಿತ್ತು. ಟಾರ್ಪಾಲಿನ ಮೂಲೆ ಎತ್ತಿದೆ. ಒಳಗೆ ತುಂಬ ಮರದ ಹೊಟ್ಟು.

"ಅದನ್ನ ಮಂಗಳವಾರವೇ ನೋಡಿದ್ವಿ," ಎಂದ ಗಡ್ಡದ ಪೇದೆ. "ಹೊಟ್ಟಿನ ತೊಟ್ಟಿ ಅಮ್ಮ."

ಅವನದೇನು ತಪ್ಪು? ಚಕ್ರ ಇರುವುದನ್ನು ಹುಡುಕಲು ಬಂದವರಿಗೆ ತೊಟ್ಟಿ ತೊಟ್ಟಿಯ ಹಾಗೇ ಕಾಣುತ್ತದೆ. ನಾನು ನೆಲಕ್ಕೆ ಬಗ್ಗಿ ಅಡಿಭಾಗ ನೋಡಿದೆ. ಒಳಗೆ ಜಾರಿಸಲು ಎರಡು ಕಬ್ಬಿಣದ ಹಳಿಗಳು. ಚಕ್ರದ ಉಬ್ಬಿಗೆಂದು ಬದಿಯಲ್ಲಿ ಜಾಗ ಬಿಟ್ಟಿರಲಿಲ್ಲ, ಯಾಕೆಂದರೆ ಇದು ಕೂರುವುದೇ ಎರಡು ಚಕ್ರಗಳ ನಡುವೆ. ಮೇಲಂಚಿನಲ್ಲಿ ಚೌಕದ ತೂತುಗಳು. ಹಿಂಬದಿಯ ಹಲಗೆಯಲ್ಲಿ ಕಂಪನಿಯ ಹೆಸರಿಲ್ಲದ ನುಣುಪು ತಗಡು. ಇಡೀ ಜೀವಮಾನದಲ್ಲಿ ಒಂದು ನೋಡಿದರೆ ಸಾಕು ಎಂದುಕೊಂಡಿದ್ದ ವಸ್ತು ನನ್ನ ಮೂಗಿನ ಮುಂದಿತ್ತು.

"ಇದೇ," ಎಂದೆ.

ನಾದಿನಿ ಧಣಿಯನ್ನು ಅಲ್ಲಿಗೇ ಕರೆತಂದಳು. "ಇದೇನ್ರೀ ಇದು?"

"ಹೊಟ್ಟು ಮೇಡಂ."

"ಹೊಟ್ಟು ಕಾಣ್ತಿದೆ. ಹೊಟ್ಟು ಯಾವುದರಲ್ಲಿದೆ?"

ಧಣಿ ಕಿವಿಯ ಮೇಲಿನ ಪೆನ್ಸಿಲು ತೆಗೆದ, ಮತ್ತೆ ಅಲ್ಲೇ ಇಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಇರಬೇಕು. "ನೀವು ಪಿಕಪ್ ಇದೆಯಾ ಅಂದ್ರಿ. ಇಲ್ಲ ಅಂದೆ. ಅದರಲ್ಲಿ ಸುಳ್ಳೇನಿದೆ?"

"ಪಿಕಪ್ಪು ಬಂದಿತ್ತಾ ಅಂತಾನೂ ಕೇಳಿದ್ದೆ."

"ಅದು... ಅದು ಮಾತು ಕೊಟ್ಟಿದ್ದೆ ಮೇಡಂ."

"ಯಾರಿಗೆ? ಆ ದಪ್ಪ ಡ್ರೈವರಿಗಾ?" ಎಂದು ನಾನು ಮುನ್ನುಗ್ಗಿದೆ. ಅವನ ಅಂಗಿಯ ಕಾಲರ್ ನನ್ನ ಕೈಗೆ ಯಾವಾಗ ಬಂತೋ ತಿಳಿಯದು. "ನನ್ನ ಗಂಡನ್ನ ಏನು ಮಾಡಿದ್ರಿ? ಬಾಯಿ ಬಿಡು! ಎಲ್ಲಿಟ್ಟಿದ್ದೀರಿ ಅವರನ್ನ?"

"ಅಯ್ಯೋ ತಾಯಿ, ಅವನಿಗಲ್ಲ! ಮಾತು ಕೊಟ್ಟಿದ್ದು ನಿಮ್ಮ ಯಜಮಾನ್ರಿಗೇ!"

ನನ್ನ ಕೈ ಸಡಿಲವಾಯಿತು.

"ಅವರೇ ಕೈಯಾರೆ ಬಿಚ್ಚಿದ್ರು ಆ ಬಾಕ್ಸನ್ನ. ಡಿಕ್ಕಿ ಬಾಗಿಲು ಗಾಡಿಯಲ್ಲೇ ಇತ್ತು, ಅದನ್ನ ಕೂರಿಸಿದ್ರು. 'ನನ್ನ ಹೆಂಡ್ತಿಗೆ ಇಂಥ ಗಾಡಿ ಅಂದ್ರೆ ಪ್ರಾಣ, ಕೊಂಡ್ಕೊಂಡು ಸಿಂಗಾರ ಮಾಡಿ ಮನೆಮುಂದೆ ನಿಲ್ಲಿಸ್ತೀನಿ, ಅಲ್ಲಿವರೆಗೆ ಯಾರಿಗೂ ಹೇಳ್ಬೇಡಿ' ಅಂದ್ರು. ನಾನೂ ಹೆಂಡ್ತಿ ಇರೋನು, ಆಯ್ತು ಅಂದೆ. ಮಾರನೇ ದಿನ ಪೊಲೀಸ್ರು ಬಂದ್ರು. ಆಗ ಬಾಯಿ ಬಿಟ್ರೆ ನನ್ನ ತಲೆಗೇ ಬರತ್ತೆ ಅಂತ ಹೆದರ್ಕೊಂಡೆ."

"ಸುಳ್ಳು," ಎಂದಳು ನಾದಿನಿ.

ಆದರೆ ನಾನು ಬಾಕ್ಸಿನ ಮೂಲೆ ನೋಡುತ್ತಿದ್ದೆ. ಟಾರ್ಪಾಲಿನ ಕೆಳಗೆ, ಚೌಕದ ತೂತಿಗೆ ಒಂದು ತಂತಿ ಕಟ್ಟಿತ್ತು. ತಂತಿಯಲ್ಲಿ ನಾಲ್ಕು ಬೋಲ್ಟುಗಳು, ಪ್ರತಿಯೊಂದಕ್ಕೂ ಅದರದೇ ನಟ್ಟು ಮತ್ತೆ ತಿರುಗಿಸಿ ಹಾಕಿ, ಬಿಚ್ಚಿದ ಸಾಲಿನಲ್ಲೇ ಪೋಣಿಸಿತ್ತು. ತುದಿಯನ್ನು ಎರಡು ಸುತ್ತು ಸುತ್ತಿ ಒಳಕ್ಕೆ ಮಡಚಿತ್ತು, ಯಾರ ಕೈಗೂ ಚುಚ್ಚಬಾರದೆಂದು. ಇಡೀ ಊರಿನಲ್ಲಿ ಬೋಲ್ಟನ್ನು ಹೀಗೆ ಪೋಣಿಸಿಡುವ ಕೈ ಒಂದೇ. ನಮ್ಮ ಶೆಡ್ಡಿನ ಗೋಡೆಯ ತುಂಬ ಇಂಥ ಮಾಲೆಗಳೇ.

"ಸುಳ್ಳಲ್ಲ ಕಣೇ," ಎಂದೆ. "ಅವರೇ ಬಿಚ್ಚಿದ್ದು."

"ಅಣ್ಣ ಬದುಕಿದ್ದಾನೆ!" ನಾದಿನಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಇನ್ಸ್‌ಪೆಕ್ಟರಮ್ಮನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಕಾರು ಓಡಿಸ್ಕೊಂಡು ಹೋದದ್ದು ಅವನೇ ಅತ್ತಿಗೆ!"

ನನಗೂ ಒಂದು ಗಳಿಗೆ ಆಕಾಶ ಕೈಗೆ ಸಿಕ್ಕ ಹಾಗಾಯಿತು. ಇದ್ದಾರೆ. ಎಲ್ಲೋ ಇದ್ದಾರೆ. ಮನೆಗೆ ಬರಲಿ, ನಾಲ್ಕು ದಿನ ಮಾತಾಡಿಸಬಾರದು, ಹಾಗೆ ಉಗಿದು ಉಪ್ಪು ಹಾಕಬೇಕು ಎಂದೆಲ್ಲ ಅಂದುಕೊಂಡೆ.

ನಾದಿನಿ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಮೇಲೆ ಅವಳ ಮುಖ ಮತ್ತೆ ಪೊಲೀಸಿನದಾಯಿತು. "ಮತ್ತೆ ಆ ಡ್ರೈವರು?"

"ಅವನು ಆಗ್ಲೇ ನಡ್ಕೊಂಡು ಹೋದ ಅಂದ್ರು ಇವರ ಯಜಮಾನ್ರು," ಎಂದ ಧಣಿ.

"ಹೋದದ್ದನ್ನ ನೀವು ನೋಡಿದ್ರಾ?"

"ಇಲ್ಲ. ನಾನು ಊಟಕ್ಕೆ ಹೋಗಿದ್ದೆ. ಆಳುಗಳೂ ಹೋಗಿದ್ರು. ಬರೋಷ್ಟರಲ್ಲಿ ಬಾಕ್ಸು ಇಳಿಸಿ ಆಗಿತ್ತು, ಕಾರು ತಯಾರಾಗಿ ನಿಂತಿತ್ತು."

ಗೇಟಿನಲ್ಲಿ ನಡೆದು ಹೊರಬಂದವರು ಯಾರೂ ಇಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ನಾದಿನಿ ನನ್ನ ಕಡೆ ನೋಡಲಿಲ್ಲ.

"ಹೊಟ್ಟು ತುಂಬಿದ್ದು ಯಾರು?" ಎಂದಳು ಮೆಲ್ಲಗೆ.

"ಅದೂ ಅವರೇ. ಟಾರ್ಪಾಲು ಮಾತ್ರ ನನ್ನ ಹತ್ತಿರ ಕೇಳಿ ಇಸ್ಕೊಂಡ್ರು. ಹಳೇ ತಗಡು, ಗಾಳಿ ತಾಗಿ ತುಕ್ಕು ಹಿಡೀಬಾರದು, ಹೊಟ್ಟು ತುಂಬಿದ್ರೆ ಭದ್ರವಾಗಿರತ್ತೆ, ನಾನು ಬರೋವರೆಗೂ ಯಾರೂ ಮುಟ್ಟಬೇಡಿ ಅಂದ್ರು."

ಒಂದು ಚಿಟಿಕೆ ಹೊಟ್ಟು ತೆಗೆದು ಬೆರಳಲ್ಲಿ ಉಜ್ಜಿ ನೋಡಿದೆ, ಹಸಿಯಾಗಿತ್ತು.

ಮರದ ಹೊಟ್ಟು ನೀರು ಕುಡಿಯುತ್ತದೆ. ಹಸಿ ಮರದ್ದಾದರೆ ಕೇಳುವುದೇ ಬೇಡ. ಬರಿಯ ತಗಡಿಗೆ ಅದನ್ನು ಒತ್ತಿಟ್ಟರೆ ವಾರದೊಳಗೆ ತುಕ್ಕು ಏಳುತ್ತದೆ. ಒಮ್ಮೆ ಶೆಡ್ಡಿನಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ನಾನು ಒಂದು ಬೊಗಸೆ ಹೊಟ್ಟು ಹಾಕಿದ್ದಕ್ಕೆ, ಪಕ್ಕದಲ್ಲಿ ತಗಡಿದೆ ಕಣ್ಣು ಕಾಣಲ್ವಾ ಎಂದು ನಮ್ಮವರು ಕುಣಿದಾಡಿದ್ದರು. ಅಂಥವರು, ಊರಿಗೊಂದು ಸಿಗದ ಬಾಕ್ಸನ್ನು ಕೈಯಾರೆ ಹೊಟ್ಟಿನಲ್ಲಿ ಹೂತಿಟ್ಟರಂತೆ. ತುಕ್ಕು ಹಿಡಿಯಬಾರದೆಂದು.

ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟೂ ಹೊತ್ತು ಸಿಗಲಿಲ್ಲ. ನಾದಿನಿ ನನ್ನ ಮುಖ ಓದಿದ್ದಳು.

"ಏನು ಅತ್ತಿಗೆ?"

"ಏನಿಲ್ಲ."

"ಅತ್ತಿಗೆ."

"ಏನಿಲ್ಲ ಅಂದ್ನಲ್ಲ!"

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಪೇದೆಗಳ ಕಡೆ ತಿರುಗಿ, "ಟಾರ್ಪಾಲು ತೆಗೀರಿ," ಎಂದಳು. "ಹೊಟ್ಟು ಖಾಲಿ ಮಾಡಿ. ನಿಧಾನ."

ಹಗ್ಗ ಬಿಚ್ಚಿದರು. ಮೊದಲ ಸಲಿಕೆ ಹೊಟ್ಟು ನೆಲಕ್ಕೆ ಬಿತ್ತು. ಹಸಿಮರದ ಘಾಟಿನೊಳಗೆ ಬೇರೆ ಏನೋ ಒಂದು ವಾಸನೆ ತೆಳ್ಳಗೆ ಎದ್ದಿತು. ಧಣಿ ಸೆರಗಿಲ್ಲದ ಹೆಂಗಸಿನ ಹಾಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ನಾನು ಹಿಂದಕ್ಕೆ ಸರಿದು ಹಲಗೆಗಳ ರಾಶಿಗೆ ಒರಗಿದೆ.

ಆಗ ನನ್ನ ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಅತ್ತೆಯೇ ಇರಬೇಕೆಂದು ತೆಗೆದರೆ ಗೊತ್ತಿಲ್ಲದ ನಂಬರು.

"ಹಲೋ?"

"ನಾನು ಕಣೇ."

ಪ್ರಾಣ ಹೋಗಿ ಬಂದ ಹಾಗಾಯಿತು. ಅದೇ ಗಂಟಲು, ಅದೇ 'ಕಣೇ'. ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಎಲ್ಲಿದ್ದೀರಿ, ಊಟ ಮಾಡಿದ್ರಾ ಎಂದು ಕೇಳಲು ಬಾಯಿ ತೆರೆದೆ.

"ಮಾತಾಡ್ಬೇಡ, ಕೇಳು. ಪಕ್ಕದಲ್ಲಿ ಅವಳಿದ್ದಾಳಾ?"

"ಹೂಂ," ಎಂದೆ.

"ಮನೇಲಿದ್ದೀರಿ ತಾನೆ?"

ಸಲಿಕೆ ತಗಡಿಗೆ ತಾಗಿ ಕರ್ರೆಂದಿತು. ಆ ಕಡೆ ಉಸಿರು ನಿಂತದ್ದು ನನಗೆ ಕೇಳಿಸಿತು.

"ಅದೇನು ಸದ್ದು?" ಎಂದರು. "ಎಲ್ಲಿದ್ದೀಯ ನೀನು?"

ಸಲಿಕೆ ನಿಂತುಹೋಯಿತು. ಗಡ್ಡದ ಪೇದೆ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. "ಮೇಡಂ," ಎಂದ. "ಕಾಲು ಮೇಡಂ. ಬೂಟು ಹಾಕಿರೋ ಕಾಲು."

ನಾದಿನಿ ಬಾಕ್ಸಿನ ಅಂಚು ಹಿಡಿದು ಬಗ್ಗಿ ನೋಡಿದಳು. ಆಮೇಲೆ ನೆಟ್ಟಗಾಗಿ, ಮೆಲ್ಲಗೆ ನನ್ನ ಕಡೆ ತಿರುಗಿದಳು. ನನ್ನ ಕಿವಿಗೆ ಒತ್ತಿದ್ದ ಫೋನು ಅವಳ ಕಣ್ಣಿಗೆ ಬಿತ್ತು. ನನ್ನ ಕೆನ್ನೆಯ ಮೇಲಿನ ನೀರೂ ಕಂಡಿತು.

"ಫೋನಲ್ಲಿ ಯಾರು ಅತ್ತಿಗೆ?"

ಅವಳ ಅಣ್ಣ. ನನ್ನ ಗಂಡ. ಮನೆಯ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುವ ಆ ಮುದುಕಿಯ ಮಗ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳು ಕೈ ಚಾಚಿ ಫೋನು ಇಸಿದುಕೊಳ್ಳುತ್ತಿದ್ದಳು.

"ಯಾರೋ," ಎಂದೆ. "ರಾಂಗ್ ನಂಬರ್."

ಲೈನು ಇನ್ನೂ ಕಟ್ಟಾಗಿರಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಜಾಣೆ," ಎಂದು ಮೆಲ್ಲಗೆ ಹೇಳಿ ನನ್ನ ಗಂಡ ಫೋನಿಟ್ಟರು.